ಕಪ್ಪು ಕಾರ್ ತುಂಬ ಸುತ್ತು ಗೀರು, ಒಳಗೆ ಲೆದರ್ ಸೀಟು ಪಳಪಳ, ಎಲ್ಲಿಂದ ಶುರು ಮಾಡ್ಲಿ?

ಕಪ್ಪುಕುದುರೆ

ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಂಡಿದೀನಿ, ಕಪ್ಪು ಬಣ್ಣ, ಒಳಗಡೆ ತಿಳಿ ಬಣ್ಣದ ಲೆದರ್. ಇಂಜಿನ್ನು ಗೇರ್‌ಬಾಕ್ಸು ಎಲ್ಲ ಸರಿ ಇದೆ, ಮೆಕ್ಯಾನಿಕ್‌ಗೆ ತೋರ್ಸೇ ತಗೊಂಡಿದ್ದು, ಅದ್ರ ಬಗ್ಗೆ ಮಾತಿಲ್ಲ. ತಲೆನೋವು ಏನಿದ್ರೂ ಮೇಲ್ಗಡೆದು. ಮೋಡ ಇದ್ದಾಗ ಗಾಡಿ ಸಖತ್ತಾಗಿ ಕಾಣತ್ತೆ, ಬಿಸಿಲು ಬಿತ್ತು ಅಂದ್ರೆ ಅಥವಾ ರಾತ್ರಿ ಲೈಟ್ ಕಂಬದ ಕೆಳಗೆ ನಿಲ್ಸಿದ್ರೆ ಬಾನೆಟ್ಟು, ಡೋರು, ಡಿಕ್ಕಿ ಎಲ್ಲದ್ರ ಮೇಲೂ ಜೇಡರ ಬಲೆ ಥರ ಸುತ್ತು ಸುತ್ತು ಸಣ್ಣ ಗೀರು. ಉಗುರಿಗೆ ಸಿಗಲ್ಲ, ಕಣ್ಣಿಗೆ ಮಾತ್ರ ಚುಚ್ಚತ್ತೆ.

ಒಬ್ರನ್ನ ಕೇಳ್ದೆ, ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚೋ ತೆಳ್ಳನೆ ಗಟ್ಟಿ ಪದರ) ಹಾಕ್ಸಿಬಿಡಿ, 9ಎಚ್ ಅಂದ್ರೆ ಹೆಚ್ಚುಕಮ್ಮಿ ವಜ್ರ, ಇನ್ನು ಜನ್ಮದಲ್ಲಿ ಗೀರಾಗಲ್ಲ ಅಂದ್ರು. ಇನ್ನೊಬ್ರು ಅದೆಲ್ಲ ದುಡ್ಡು ದಂಡ, ಒಂದ್ಸಲ ರಬ್ಬಿಂಗ್ ಹೊಡ್ಸಿ ವ್ಯಾಕ್ಸ್ ಹಾಕಿ ಸಾಕು ಅಂದ್ರು. ಮೂರನೆಯವ್ರು ಪ್ರತಿ ಸರ್ವಿಸಲ್ಲೂ ಪಾಲಿಷ್ ಮಾಡ್ಸಿ ಅಂತಾರೆ. ಯಾರ ಮಾತು ಕೇಳ್ಬೇಕು ಗೊತ್ತಾಗ್ತಿಲ್ಲ.

ಸೀಟಿನ ಕಥೆ ಬೇರೆ. ಡ್ರೈವರ್ ಸೀಟು, ಅದರಲ್ಲೂ ಹತ್ತಿ ಇಳಿಯೋವಾಗ ತೊಡೆ ಉಜ್ಜತ್ತಲ್ಲ ಆ ಅಂಚು, ಪಳಪಳ ಹೊಳೆಯತ್ತೆ, ಹಿಂದಿನ ಸೀಟು ಹಂಗಿಲ್ಲ, ಮಂಕಾಗಿದೆ. ಹಿಂದಿನ ಸೀಟಿಗೂ ಅದೇ ಹೊಳಪು ಬರೋ ಹಂಗೆ ಏನಾದ್ರೂ ಹಚ್ಬೇಕಾ? ಜೀನ್ಸ್ ಪ್ಯಾಂಟಿನ ನೀಲಿ ಬಣ್ಣನೂ ಸ್ವಲ್ಪ ಹತ್ಕೊಂಡಿದೆ. ತಿಳಿದೋರು ದಯವಿಟ್ಟು ಹೇಳಿ, ಯಾವ್ದು ಮೊದ್ಲು ಯಾವ್ದು ಆಮೇಲೆ.

ಸುಮ್ನೆ_ಕೇಳ್ದೆ

ಕಾರಿರೋದು ಓಡ್ಸೋಕೆ ಗುರು. ಟಾರ್ಚ್ ಹಿಡ್ಕೊಂಡು ಹುಡುಕ್ತಾ ಹೋದ್ರೆ ಶೋರೂಮಿಂದ ಇವತ್ತು ಹೊರಗೆ ಬಂದ ಗಾಡೀಲೂ ಗೀರು ಸಿಗತ್ತೆ. ಬಿಳಿ ಕಾರ್ ತಗೊಂಡಿದ್ರೆ ಈ ಪೋಸ್ಟೇ ಹಾಕ್ತಿರ್ಲಿಲ್ಲ ನೀವು 😄 ಹಂಗಂತ ಪೂರ್ತಿ ಬಿಟ್ಬಿಡಿ ಅಂತ ಹೇಳ್ತಿಲ್ಲ, ಇಲ್ಲಿ ಡೀಟೇಲಿಂಗ್ (ಗಾಡಿ ಕ್ಲೀನಿಂಗು, ಪಾಲಿಷು) ಕೆಲಸ ಮಾಡೋರು ಇದಾರೆ, ಬರ್ಲಿ ಕಾಯ್ರಿ.

ಬಫಿಂಗ್_ಬಸ್ಯ

ಬಂದೆ. ಮೊದಲಿಬ್ರು ಅರ್ಧಂಬರ್ಧ ಹೇಳಿದಾರೆ, ಪ್ರತಿ ಸರ್ವಿಸಲ್ಲೂ ಪಾಲಿಷ್ ಅಂದೋರ ಮಾತು ಮಾತ್ರ ಪೂರ್ತಿ ತಪ್ಪು, ಅದನ್ನ ಮೊದ್ಲು ತಲೆಯಿಂದ ತೆಗೀರಿ.

ಯಾಕೆ ಅಂದ್ರೆ ಗಾಡಿ ಪೇಂಟ್ ಅಂದ್ರೆ ಒಂದು ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯೋ ಕೋಟು, ಅದ್ರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣ ಇಲ್ದಿರೋ ಕ್ಲಿಯರ್ ಕೋಟು. ಫ್ಯಾಕ್ಟರಿ ಪೇಂಟಾದ್ರೆ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದ್ರೆ ಒಂದು ಮೈಕ್ರಾನ್), ಅದ್ರಲ್ಲಿ ಕ್ಲಿಯರ್ ಕೋಟು ಹೆಚ್ಚುಕಮ್ಮಿ 35ರಿಂದ 50. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರತ್ತೆ, ಅಂದ್ರೆ ನೀವು ಕಾಪಾಡ್ಬೇಕಾಗಿರೋದು ಒಂದು ಕೂದಲಿನಷ್ಟೂ ದಪ್ಪ ಇಲ್ದಿರೋ ಪದರನ. ಬಿಸಿಲಿನ ಯುವಿ ತಡೆಯೋ ಕೆಮಿಕಲ್ ಇರೋದೂ ಅದ್ರಲ್ಲೇ. ಪಾಲಿಷ್ ಅಂದ್ರೆ ಗೀರು ತುಂಬೋದಲ್ಲ ಕಣ್ರೀ, ಗೀರಿನ ಆಳದವರೆಗೂ ಸುತ್ತಲಿನ ಕ್ಲಿಯರ್ ಕೋಟನ್ನ ಸವೆಸಿ ಸಮ ಮಾಡೋದು. ಒರಟು ಕಾಂಪೌಂಡ್ (ಸವೆಸೋ ಪೇಸ್ಟು) ಹೊಡೆದ್ರೆ ಒಂದೇ ಸಲಕ್ಕೆ ಕೆಲವು ಮೈಕ್ರಾನ್ ಹೋಗತ್ತೆ, ಹೋಗಿದ್ದು ವಾಪಸ್ ಬರಲ್ಲ. ವರ್ಷಕ್ಕೆರಡು ಸಲ ಹಿಂಗೇ ಉಜ್ಜಿಸ್ತಾ ಹೋದ್ರೆ ಮುಂದೊಂದು ದಿನ ಬಾನೆಟ್ಟು ರೂಫು ಎಲ್ಲ ಬೆಳ್ಳಗೆ ಪೊರೆ ಬಿಡೋಕೆ ಶುರು ಆಗತ್ತೆ, ಆಗ ಪೇಂಟ್ ಹೊಡ್ಸದೆ ಬೇರೆ ದಾರಿನೇ ಇರಲ್ಲ.

ಸುತ್ತು ಸುತ್ತು ಕಾಣೋದ್ರ ಬಗ್ಗೆ ಒಂದು ಮಾತು. ಗೀರು ನಿಜವಾಗಿ ದುಂಡಗಿರಲ್ಲ, ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರತ್ತೆ. ದೀಪಕ್ಕೆ ಅಡ್ಡಡ್ಡ ಬರೋ ಗೀರು ಮಾತ್ರ ಹೊಳೆಯೋದ್ರಿಂದ ದೀಪದ ಸುತ್ತ ಚಕ್ರ ಕಂಡಂಗಾಗತ್ತೆ. ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಮೇಲೆ ಆ ಕಡೆ ಈ ಕಡೆ ಆಡ್ಸಿ ನೋಡಿ, ಚಕ್ರನೂ ಟಾರ್ಚ್ ಜೊತೇಲೇ ಓಡಾಡತ್ತೆ. ಬಹುಪಾಲು ಇವೆಲ್ಲ ತೊಳೆಯೋವಾಗ ಮತ್ತೆ ಒಣ ಬಟ್ಟೇಲಿ ಧೂಳು ಒರೆಸೋವಾಗ ಆಗಿರೋದು.

ನಿಮ್ಮ ಗಾಡಿಗೆ ನಾನಾದ್ರೆ ಹಿಂಗೆ ಮಾಡ್ತೀನಿ. ಚೆನ್ನಾಗಿ ತೊಳೆದು ಒಣಗ್ಸಿದ್ಮೇಲೆ ತೆಳ್ಳನೆ ಪ್ಲಾಸ್ಟಿಕ್ ಕವರೊಳಗೆ ಬೆರಳು ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರ್ತೀನಿ, ಬರೀ ಕೈಗೆ ಗೊತ್ತಾಗ್ದಿರೋ ತರಿ ಕವರಲ್ಲಿ ಗೊತ್ತಾಗತ್ತೆ. ತರಿತರಿ ಇದ್ರೆ ಅದು ತೊಳೆದ್ರೆ ಹೋಗೋ ಕೊಳೆ ಅಲ್ಲ, ಬ್ರೇಕ್ ಪ್ಯಾಡಿಂದ ಹಾರೋ ಕಬ್ಬಿಣದ ಪುಡಿ, ಟಾರು, ಮರದ ಅಂಟು ಪೇಂಟಿಗೆ ಕಚ್ಕೊಂಡಿರೋದು. ಕಬ್ಬಿಣಕ್ಕೆ ಐರನ್ ರಿಮೂವರ್ ಸ್ಪ್ರೇ ಮಾಡಿ, ಕಬ್ಬಿಣ ಸಿಕ್ಕಿದ ಕಡೆ ನೇರಳೆ ಬಣ್ಣದಲ್ಲಿ ಸೋರತ್ತೆ, ವಾಸನೆ ಮಾತ್ರ ಕೇಳ್ಬೇಡಿ. ಅದು ಒಣಗೋಕೆ ಬಿಡ್ಬಾರ್ದು, ನೆರಳಲ್ಲಿ ತಣ್ಣಗಿರೋ ಪ್ಯಾನೆಲ್ ಮೇಲೆ ಮಾಡಿ, ತೊಳೀರಿ. ಉಳಿದಿದ್ದಕ್ಕೆ ಕ್ಲೇ ಬಾರ್ (ಕೊಳೆ ಎತ್ತೋ ಮೆತ್ತನೆ ಜೇಡಿಮಣ್ಣಿನಂಥ ಮುದ್ದೆ), ಲೂಬ್ರಿಕೆಂಟ್ ಧಾರಾಳವಾಗಿ ಹಾಕ್ಕೊಂಡು, ಒತ್ತಬಾರ್ದು, ಸುಮ್ನೆ ಜಾರಿಸ್ಬೇಕು. ಕ್ಲೇ ನೆಲಕ್ಕೆ ಬಿತ್ತಾ, ಕಸದ ಬುಟ್ಟಿಗೆ ಹಾಕಿ, ಮತ್ತೆ ಗಾಡಿಗೆ ಮುಟ್ಸಬೇಡಿ.

ಆಮೇಲೆ ಪಾಲಿಷ್, ಅದೂ ಒಂದೇ ಸಲ. ಮೊದ್ಲು ಒಂದಡಿ ಜಾಗದಲ್ಲಿ ಎಲ್ಲಕ್ಕಿಂತ ಮೆತ್ತಗಿನ ಪ್ಯಾಡು, ನಯವಾದ ಪಾಲಿಷ್ ಹಾಕಿ ಟೆಸ್ಟ್ ಮಾಡ್ಬೇಕು. ನೂರಕ್ಕೆ 70-80 ಭಾಗ ಗೀರು ಹೋಯ್ತು ಅಂದ್ರೆ ಸಾಕು, ಉಳಿದ ಆಳದ ಗೀರಿನ ಜೊತೆ ಬಾಳ್ವೆ ಮಾಡೋದು ಕಲೀರಿ. ನೀವೇ ಮಾಡೋದಾದ್ರೆ ಡ್ಯುಯಲ್ ಆಕ್ಷನ್ ಮಷೀನೇ (ಪ್ಯಾಡು ತಿರುಗ್ತಾ ಅತ್ತಿತ್ತನೂ ಅಲ್ಲಾಡತ್ತೆ) ಹಿಡೀರಿ, ಒಂದೇ ಕಡೆ ಗಿರಗಿರ ತಿರುಗೋ ರೋಟರಿ ಬೇಡ, ಅದು ಒಂದೇ ಕಡೆ ಬಿಸಿ ಮಾಡತ್ತೆ, ಅಂಚಲ್ಲಿ ಪೇಂಟ್ ಮೊದ್ಲೇ ತೆಳ್ಳಗಿರತ್ತೆ, ಕ್ಷಣದಲ್ಲಿ ಪ್ರೈಮರ್ ಕಾಣ್ಸತ್ತೆ. ಕಪ್ಪು ಪ್ಲಾಸ್ಟಿಕ್ ಬೀಡಿಂಗ್‌ಗೆಲ್ಲ ಟೇಪ್ ಹಾಕಿ, ಪಾಲಿಷ್ ಮೆತ್ತಿದ್ರೆ ಬೆಳ್ಳಗೆ ಕೂತ್ಕೊಂಡ್ಬಿಡತ್ತೆ.

ಬೇರೆಯವ್ರ ಕೈಲಿ ಮಾಡ್ಸೋದಾದ್ರೆ ಒಂದು ಪರೀಕ್ಷೆ ಹೇಳ್ತೀನಿ. ಕೆಲ್ಸ ಮುಗೀತು ಸರ್ ಅಂದ ತಕ್ಷಣ ದುಡ್ಡು ಕೊಡ್ಬೇಡಿ, ಒಂದು ಜಾಗದಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತೆ ನೀರು ಬೆರೆಸಿ ಒರೆಸಿ ತೋರ್ಸಿ ಅನ್ನಿ. ಕೆಲವು ಪಾಲಿಷಲ್ಲಿರೋ ಎಣ್ಣೆ, ಫಿಲ್ಲರ್ ಗೀರೊಳಗೆ ಕೂತು ಮುಚ್ಚಿರತ್ತೆ, ನಾಲ್ಕು ವಾಶ್ ಆದ್ಮೇಲೆ ಎಲ್ಲ ಮತ್ತೆ ಹಾಜರ್. ಒರೆಸಿದ ಮೇಲೂ ಗೀರು ಕಾಣ್ದಿದ್ರೆ ಕೆಲಸ ನಿಜವಾಗ್ಲೂ ಆಗಿದೆ ಅಂತ.

ಸೆರಾಮಿಕ್ಕೋ ವ್ಯಾಕ್ಸೋ ಅನ್ನೋದು ಇದಾದ್ಮೇಲಿನ ಪ್ರಶ್ನೆ. ಗೀರಿನ ಮೇಲೇ ಕೋಟಿಂಗ್ ಹಾಕ್ಸಿದ್ರೆ ಗೀರನ್ನ ಒಳಗಿಟ್ಟು ಬೀಗ ಹಾಕ್ದಂಗೆ.

ಭಾನುವಾರದ_ಬಕೆಟ್

ಬಸ್ಯ ಹೇಳಿದ್ದಕ್ಕೆ ನಂದು ಪೂರ್ತಿ ಸೈ, ಆದ್ರೆ ತೊಳೆಯೋದನ್ನ ‘ಚೆನ್ನಾಗಿ ತೊಳೆದು’ ಅಂತ ಎರಡೇ ಪದದಲ್ಲಿ ಮುಗ್ಸಿದಾರೆ, ಇಡೀ ಆಟ ಇರೋದೇ ಅಲ್ಲಿ. ಪಾಲಿಷ್ ಮಾಡ್ಸಿ ಬಂದು ಮತ್ತೆ ಅದೇ ಹಳೇ ಬನಿಯನ್ ಬಟ್ಟೆ, ಒಂದೇ ಬಕೆಟ್ಟಲ್ಲಿ ತೊಳೆದ್ರೆ ಒಂದು ತಿಂಗಳಿಗೆ ಮೊದಲಿನ ಹಂಗೇ ಆಗತ್ತೆ.

ನಾನು ಮಾಡೋದು ಹೇಳ್ತೀನಿ. ಮೊದ್ಲು ಚಕ್ರ, ಅದಕ್ಕೆ ಬೇರೆ ಬಕೆಟ್ಟು ಬೇರೆ ಬ್ರಷ್ಷು, ಚಕ್ರದ ಬ್ರಷ್ ಬಾಡಿಗೆ ತಾಗೋ ಹಂಗೇ ಇಲ್ಲ. ಆಮೇಲೆ ಇಡೀ ಗಾಡಿಗೆ ಬರೀ ನೀರು, ಕೈ ಹಾಕಲ್ಲ, ಎಷ್ಟು ಮಣ್ಣು ಮುಟ್ಟದೇನೇ ಇಳಿಯತ್ತೋ ಅಷ್ಟು ಇಳೀಲಿ. ಪ್ರೆಶರ್ ಗನ್ ಇದ್ರೆ ಒಂದಡಿಗಿಂತ ಹತ್ರ ಹಿಡೀಬೇಡಿ, ಕಲ್ಲು ಬಡಿದು ಪೇಂಟ್ ಎದ್ದಿರೋ ಕಡೆ ಅಂತೂ ಇನ್ನೂ ದೂರ, ಇಲ್ದಿದ್ರೆ ಅಲ್ಲಿಂದ ಸಿಪ್ಪೆ ಕಿತ್ಕೊಂಡು ಬರತ್ತೆ. ಫೋಮ್ ಹಾಕೋ ಸೌಕರ್ಯ ಇದ್ರೆ ಹಾಕಿ ನಾಲ್ಕೈದು ನಿಮಿಷ ಬಿಟ್ಟು ತೊಳೀರಿ, ಒಣಗ್ಬಾರ್ದು ಅಷ್ಟೆ.

ಆಮೇಲೆ ಎರಡು ಬಕೆಟ್ಟು. ಒಂದರಲ್ಲಿ ಪಿಎಚ್ ನ್ಯೂಟ್ರಲ್ (ಆಮ್ಲನೂ ಅಲ್ಲ, ಕ್ಷಾರನೂ ಅಲ್ಲ) ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಮಿಟ್‌ನ (ತೊಳೆಯೋ ಕೈಗವಸು) ಶಾಂಪೂಲಿ ಅದ್ದಿ ಒಂದು ಪ್ಯಾನೆಲ್ ತೊಳೆದು, ಮತ್ತೆ ಶಾಂಪೂಗೆ ಹಾಕೋಕೆ ಮುಂಚೆ ಬರೀ ನೀರಿನ ಬಕೆಟ್ಟಲ್ಲಿ ಚೆನ್ನಾಗಿ ಅಲುಗಾಡ್ಸಿ ಹಿಂಡ್ಬೇಕು. ಬಕೆಟ್ ತಳಕ್ಕೆ ಜಾಲರಿ ಇಟ್ರೆ ಮಣ್ಣು ಅದರ ಕೆಳಗೆ ಕೂರತ್ತೆ, ಮತ್ತೆ ಮೇಲೆ ಏಳಲ್ಲ. ಕೆಲ್ಸ ಮುಗಿದ್ಮೇಲೆ ಆ ಬರೀ ನೀರಿನ ಬಕೆಟ್ ಮೆಲ್ಲಗೆ ಬಗ್ಗಿಸಿ ತಳ ನೋಡಿ, ನುಣ್ಣಗೆ ಮರಳು ಕೂತಿರತ್ತೆ. ಒಂದೇ ಬಕೆಟ್ಟಲ್ಲಿ ತೊಳೆದಿದ್ರೆ ಅದಷ್ಟೂ ಮಿಟ್ಟಲ್ಲಿ ಹತ್ಕೊಂಡು ಮತ್ತೆ ಬಾನೆಟ್ ಮೇಲೆ ಓಡಾಡಿರ್ತಿತ್ತು.

ಮೇಲಿಂದ ಕೆಳಗೆ ಬನ್ನಿ, ರೂಫು, ಗಾಜು, ಬಾನೆಟ್ಟು, ಕೊನೆಗೆ ಡೋರಿನ ಕೆಳಭಾಗ ಮತ್ತೆ ಹಿಂದಿನ ಬಂಪರ್ರು, ಎಲ್ಲಕ್ಕಿಂತ ಹೆಚ್ಚು ಕೆಸರು ಅಲ್ಲೇ ಇರೋದು. ಗುಂಡಗೆ ಉಜ್ಜಬೇಡಿ, ನೇರ ಗೆರೇಲಿ, ಭಾರ ಹಾಕ್ದೆ.

ಒಣಗ್ಸೋದನ್ನ ಜನ ಲೆಕ್ಕಕ್ಕೇ ತಗೊಳಲ್ಲ. ಬಿಸಿಲಲ್ಲಿ ತಾನಾಗೇ ಒಣಗ್ಲಿ ಅಂತ ಬಿಟ್ರೆ ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಪೇಂಟ್ ಮೇಲೆ ಬಿಳಿ ಉಂಗುರ ಆಗಿ ಕೂರತ್ತೆ, ಬೋರ್ ನೀರಾದ್ರಂತೂ ಕೇಳೋದೇ ಬೇಡ. ದಪ್ಪ ಡ್ರೈಯಿಂಗ್ ಟವೆಲ್ ಬಾನೆಟ್ ಮೇಲೆ ಹಾಸಿ ಮೆಲ್ಲಗೆ ಎಳೀರಿ, ಉಜ್ಜೋದೇ ಬೇಡ, ಅದೇ ಹೀರ್ಕೊಳತ್ತೆ. ಕನ್ನಡಿ ಒಳಗಿಂದ, ಡೋರ್ ಹ್ಯಾಂಡಲ್ ಸಂದಿಯಿಂದ ಆಮೇಲೆ ಸೋರೋ ನೀರಿಗೆ ಒಂದು ಚಿಕ್ಕ ಬಟ್ಟೆ ಬೇರೆ ಇಟ್ಕೊಳಿ.

ಪಾತ್ರೆ ತೊಳೆಯೋ ಲಿಕ್ವಿಡ್ ಬಗ್ಗೆ ಯಾರಾದ್ರೂ ಕೇಳೇ ಕೇಳ್ತಾರೆ. ಪೇಂಟ್ ಏನೂ ಕರಗಿ ಹೋಗಲ್ಲ, ಆದ್ರೆ ಜಿಡ್ಡು ಎತ್ತೋಕೇ ಮಾಡಿರೋದು ಅದು, ವ್ಯಾಕ್ಸನ್ನೂ ಎತ್ತತ್ತೆ. ಇನ್ನು ದಿನಾ ಬೆಳಿಗ್ಗೆ ಧೂಳು ಕೊಡವೋ ಅಭ್ಯಾಸ ಇದ್ರೆ ಬಿಡಿ, ಕಪ್ಪು ಕಾರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಧೂಳು ಕೂತಿದ್ರೆ ಕೂತಿರ್ಲಿ, ಮುಟ್ಟದೆ ಇದ್ರೆ ಅದು ಏನೂ ಮಾಡಲ್ಲ. ಧೂಳಿರೋ ಗಾಡಿಗೆ ಕವರ್ ಹೊದಿಸೋದೂ ಅಷ್ಟೆ, ಗಾಳಿಗೆ ಕವರ್ ಅಲ್ಲಾಡಿ ಅಲ್ಲಾಡಿ ಉಪ್ಪುಕಾಗದದ ಕೆಲಸ ಮಾಡತ್ತೆ. ನೀರು ಕಮ್ಮಿ ಇರೋರಿಗೆ ರಿನ್ಸ್‌ಲೆಸ್ ವಾಶ್ (ಒರೆಸಿದ್ಮೇಲೆ ನೀರು ಹಾಕಿ ತೊಳೆಯೋದೇ ಬೇಡದ್ದು) ಅಂತ ಬರತ್ತೆ, ಒಂದು ಬಕೆಟ್ಟಲ್ಲಿ ಮುಗಿಯತ್ತೆ, ತೆಳು ಧೂಳಿಗೆ ಚೆನ್ನಾಗಿದೆ, ಕೆಸರು ಮೆತ್ತಿದ್ರೆ ಬೇಡ.

ಕಪ್ಪುಕುದುರೆ

ಬಸಣ್ಣ, ಬಕೆಟ್ ಮೇಡಂ, ಇಬ್ರಿಗೂ ತುಂಬ ಥ್ಯಾಂಕ್ಸ್. ಟಾರ್ಚ್ ಹಿಡ್ಕೊಂಡು ನೋಡ್ದೆ, ನೀವು ಹೇಳ್ದಂಗೇ ಚಕ್ರ ಟಾರ್ಚ್ ಹಿಂದೇನೇ ಬರತ್ತೆ! ನೋಡೋವಾಗ ಇನ್ನೂ ಎರಡು ವಿಷಯ ಕಣ್ಣಿಗೆ ಬಿತ್ತು. ರೂಫ್ ಮೇಲೆ ಹಕ್ಕಿ ಹಿಕ್ಕೆ ಬಿದ್ದು ಹೋಗಿರೋ ಜಾಗದಲ್ಲಿ ತೊಳೆದ್ರೂ ಹೋಗ್ದಿರೋ ಅಚ್ಚು ಉಳಿದಿದೆ, ಅಂಚು ಸುಕ್ಕು ಸುಕ್ಕಾಗಿ ಕಾಣತ್ತೆ. ಇನ್ನೊಂದು, ಎಡಗಡೆ ಹಿಂದಿನ ಡೋರಿನ ಕಪ್ಪು ಉಳಿದ ಕಡೆಗಿಂತ ಒಂಚೂರು ಬೇರೆ ಥರ ಅನ್ಸತ್ತೆ, ಹತ್ರದಿಂದ ನೋಡಿದ್ರೆ ಕಿತ್ತಳೆ ಸಿಪ್ಪೆ ಹಂಗೆ ಸಣ್ಣ ಉಬ್ಬುತಗ್ಗು. ಆಕ್ಸಿಡೆಂಟ್ ಗಾಡಿ ಇರ್ಬೋದಾ?

ಮೈಕ್ರಾನ್

ಸರ್, ಪೇಂಟ್ ಬೂತಲ್ಲಿ ಕೆಲಸ ಮಾಡ್ತೀನಿ ಅದಕ್ಕೆ ಹೇಳ್ತಿದೀನಿ. ಆ ಉಬ್ಬುತಗ್ಗಿಗೆ ನಾವೂ ಆರೆಂಜ್ ಪೀಲ್ ಅಂತಾನೇ ಅನ್ನೋದು. ಅದು ಫ್ಯಾಕ್ಟರಿ ಪೇಂಟಲ್ಲೂ ಸ್ವಲ್ಪ ಇರತ್ತೆ, ಆದ್ರೆ ಒಂದು ಡೋರಲ್ಲಿ ಮಾತ್ರ ಬೇರೆ ಇದೆ ಅಂದ್ರೆ ಆ ಡೋರಿಗೆ ಮತ್ತೆ ಪೇಂಟ್ ಆಗಿರೋ ಸಾಧ್ಯತೆನೇ ಹೆಚ್ಚು. ಹಂಗಂದ ಮಾತ್ರಕ್ಕೆ ದೊಡ್ಡ ಆಕ್ಸಿಡೆಂಟ್ ಅನ್ಕೋಬೇಡಿ, ಪಾರ್ಕಿಂಗಲ್ಲಿ ಯಾರೋ ಗೀಚಿದ್ರೂ ಡೋರ್ ಪೂರ್ತಿ ಹೊಡೀತಾರೆ. ಪೇಂಟ್ ಥಿಕ್‌ನೆಸ್ ಮೀಟರ್ ಇಟ್ರೆ ಗೊತ್ತಾಗತ್ತೆ, ಬೇರೆ ಪ್ಯಾನೆಲ್ ಎಲ್ಲ 120 ಆಸುಪಾಸು ತೋರ್ಸಿ ಅದೊಂದು 250 ತೋರ್ಸಿದ್ರೆ ರೀಪೇಂಟ್. ಸಾವಿರದ ಮೇಲೆ ಹೋದ್ರೆ ಒಳಗೆ ಪುಟ್ಟಿ ತುಂಬಿದಾರೆ ಅಂತ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಮೀಟರ್ ಓದಲ್ಲ, ಅಲ್ಲಿ ಇಟ್ಟು ಗಾಬರಿ ಆಗ್ಬೇಡಿ.

ಪಾಲಿಷ್ ಮಾಡ್ಸೋಕೆ ಮುಂಚೆ ಈ ಮೀಟರ್ ಎಲ್ಲ ಪ್ಯಾನೆಲ್ ಮೇಲೂ ಇಡ್ಸಿ. ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನ ಓನರ್ ಎಷ್ಟು ಸಲ ಉಜ್ಜಿಸಿದಾರೋ ಯಾರಿಗೆ ಗೊತ್ತು. ಎಲ್ಲ ಕಡೆ 110 ಇದ್ದು ಬಾನೆಟ್ ಮಾತ್ರ 80 ಅಂದ್ರೆ ಅಲ್ಲಿ ಮಷೀನ್ ಇಡ್ದೆ ಇರೋದೇ ಒಳ್ಳೇದು. ಮುಂದೆ ಯಾವತ್ತಾದ್ರೂ ಹೊಸದಾಗಿ ಪೇಂಟ್ ಮಾಡ್ಸಿದ್ರೆ ಒಂದರಿಂದ ಮೂರು ತಿಂಗಳು ವ್ಯಾಕ್ಸು, ಸೆರಾಮಿಕ್ಕು ಏನೂ ಬೇಡ, ಒಳಗಿರೋ ಸಾಲ್ವೆಂಟ್ ಹೊರಗೆ ಹೋಗೋಕೆ ಟೈಮ್ ಬೇಕು. ಎಷ್ಟು ದಿನ ಅನ್ನೋದು ಪೇಂಟಿನ ಮೇಲೆ ಹೋಗತ್ತೆ, ಹೊಡೆದವ್ರನ್ನೇ ಕೇಳಿ.

ಹಿಕ್ಕೆ ಗುರುತು. ಅದ್ರಲ್ಲಿ ಯೂರಿಕ್ ಆಸಿಡ್ ಇರತ್ತೆ, ಜೊತೆಗೆ ಬಿಸಿಲು. ಕಪ್ಪು ರೂಫ್ ಬಿಸಿಲಲ್ಲಿ ಕೈ ಇಡೋಕಾಗ್ದಷ್ಟು ಕಾಯತ್ತೆ, ಕ್ಲಿಯರ್ ಕೋಟು ಮೆತ್ತಗಾಗತ್ತೆ, ಮೇಲೆ ಒಣಗಿ ಗಟ್ಟಿಯಾಗ್ತಿರೋ ಹಿಕ್ಕೆ, ಸಂಜೆ ತಣ್ಣಗಾಗೋವಾಗ ಪೇಂಟ್ ಅದರ ಆಕಾರಕ್ಕೇ ಸೆಟ್ ಆಗ್ಬಿಡತ್ತೆ. ಬೇಸಿಗೇಲಿ ಇದಕ್ಕೆ ದಿನಗಟ್ಟಲೆ ಬೇಡ, ಗಂಟೆಗಳು ಸಾಕು. ಗುರುತು ಬರೀ ಮಂಕಾಗಿದ್ರೆ ನಯ ಪಾಲಿಷಲ್ಲಿ ಹೋಗ್ಬೋದು, ಸುಕ್ಕು ಅಂತ ಹೇಳ್ತಿದೀರಲ್ಲ ಅದು ಆಳಕ್ಕಿಳಿದಿದೆ, ಸ್ವಲ್ಪ ಕಮ್ಮಿ ಆಗತ್ತೆ ಅಷ್ಟೆ, ಪೂರ್ತಿ ತೆಗೀಬೇಕು ಅಂತ ಹಟಕ್ಕೆ ಬಿದ್ರೆ ಕ್ಲಿಯರ್ ಕೋಟೇ ಇರಲ್ಲ. ಇನ್ಮುಂದೆ ಹಿಕ್ಕೆ ಬಿದ್ರೆ ಒಣಗಿದ್ದನ್ನ ಕೆರೀಬೇಡಿ, ಅದರೊಳಗೆ ಬೀಜ ಮರಳು ಎಲ್ಲ ಇರತ್ತೆ. ಒದ್ದೆ ಬಟ್ಟೆ ಅದರ ಮೇಲೆ ಹಾಸಿ ಐದು ನಿಮಿಷ ಬಿಡಿ, ನೆನೆದ ಮೇಲೆ ಎತ್ತಿ, ಉಜ್ಜಬೇಡಿ.

ಕೊನೇದಾಗಿ ಒಂದು ಕೋರಿಕೆ. ಟೈರು, ಬಂಪರು, ಡ್ಯಾಶ್‌ಬೋರ್ಡ್ ಅಂತ ಸಿಲಿಕಾನ್ ಸ್ಪ್ರೇ ಎಲ್ಲ ಕಡೆ ಹೊಡೀತಾರಲ್ಲ, ನಾಳೆ ಆ ಗಾಡಿ ಬೂತಿಗೆ ಬಂದ್ರೆ ಎಷ್ಟು ಒರೆಸಿದ್ರೂ ಪೇಂಟ್ ಮೇಲೆ ಮೀನಿನ ಕಣ್ಣು (ದುಂಡನೆ ಸಣ್ಣ ಸಣ್ಣ ಗುಳಿ) ಏಳತ್ತೆ, ಪೇಂಟ್ ಹಿಡಿಯೋದೇ ಇಲ್ಲ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ 🙏

ಸೂಜಿದಾರ

ಸಿಲಿಕಾನ್ ಬಗ್ಗೆ ನಾನೂ ಅದೇ ಹೇಳೋನಿದ್ದೆ. ಸೀಟು ಹೊಲಿಯೋದು, ಲೆದರಿಗೆ ಮತ್ತೆ ಬಣ್ಣ ಕೊಡೋದು ನನ್ ಕಸುಬು. ಸಿಲಿಕಾನ್ ಕುಡಿದಿರೋ ಸೀಟಿಗೆ ಬಣ್ಣ ಕೂರ್ಸೋದು ಬೇಡಪ್ಪ ಬೇಡ.

ಕಪ್ಪುಕುದುರೆ ತಮ್ಮಾ, ನೀನು ಪ್ರಶ್ನೆನ ತಲೆಕೆಳಗು ಕೇಳಿದೀಯ. ನಿನ್ ಹಿಂದಿನ ಸೀಟೇ ಸರಿ ಇರೋದು. ಕಾರ್ ಲೆದರ್ ಹೊಸದ್ರಲ್ಲಿ ಮಂಕಾಗೇ ಇರತ್ತೆ, ಹೊಳಪಿಲ್ದೆ. ಡ್ರೈವರ್ ಸೀಟು ಹೊಳೀತಿದೆಯಲ್ಲ, ಅದು ಮೈಯ ಜಿಡ್ಡು, ಬೆವರು, ಧೂಳು ಸೇರ್ಕೊಂಡು ಉಜ್ಜಿ ಉಜ್ಜಿ ಪಾಲಿಷ್ ಆಗಿರೋ ಕೊಳೆ. ಹಿಂದಿನ ಸೀಟನ್ನ ಮುಂದಿನ ಥರ ಮಾಡೋಕೆ ಹೋಗ್ಬೇಡ, ಮುಂದಿಂದನ್ನ ಹಿಂದಿನ ಥರ ಮಾಡು.

ಮೊದ್ಲು ಅದು ಲೆದರ್ರೇನಾ ನೋಡು. ಎಷ್ಟೋ ಗಾಡೀಲಿ ಮೈ ತಾಗೋ ಜಾಗ ಮಾತ್ರ ತೊಗಲು, ಪಕ್ಕ, ಹಿಂಭಾಗ, ಡೋರ್ ಪ್ಯಾಡ್ ಎಲ್ಲ ಪಿವಿಸಿ ಇಲ್ಲ ಪಿಯು ಲೆದರೆಟ್ಟು, ಅಂದ್ರೆ ಪ್ಲಾಸ್ಟಿಕ್ಕಿನ ನಕಲಿ ತೊಗಲು. ತೊಗಲಲ್ಲಿ ರಂಧ್ರ, ಗೆರೆ ಒಂದೊಂದು ಕಡೆ ಒಂದೊಂದು ಥರ ಇರತ್ತೆ, ಬೆರಳಲ್ಲಿ ಒತ್ತಿದ್ರೆ ಸುತ್ತ ಸಣ್ಣ ಸುಕ್ಕು ಹರಡತ್ತೆ, ಲೆದರೆಟ್ಟಲ್ಲಿ ಒಂದೇ ಡಿಸೈನ್ ಮತ್ತೆ ಮತ್ತೆ ಬರತ್ತೆ. ಲೆದರೆಟ್ಟಿಗೆ ಕಂಡೀಷನರ್ ಹಚ್ಚಿದ್ರೆ ಉಪಯೋಗ ಇಲ್ಲ, ಕ್ಲೀನ್ ಮಾಡಿದ್ರೆ ಸಾಕು.

ತೊಗಲೇ ಆದ್ರೆ, ಕಾಣ್ದಿರೋ ಮೂಲೇಲಿ ಒಂದು ಹನಿ ನೀರು ಬಿಡು. ಹನಿ ಹನಿಯಾಗೇ ನಿಂತ್ರೆ ಮೇಲೆ ಪಾಲಿಯುರಿಥೇನ್ ಕೋಟಿಂಗ್ ಇದೆ ಅಂತ, ಕಾರಲ್ಲಿ ಬಹುಪಾಲು ಅದೇ ಇರೋದು. ಹೀರ್ಕೊಂಡು ಕಪ್ಪಾದ್ರೆ ಅನಿಲಿನ್ ಲೆದರ್ (ಮೇಲೆ ಕೋಟಿಂಗ್ ಇಲ್ದೆ ಬರೀ ಬಣ್ಣ ಕುಡಿಸಿದ ತೊಗಲು) ಇರ್ಬೋದು, ಇಲ್ಲ ಆ ಜಾಗದಲ್ಲಿ ಕೋಟು ಸವೆದಿರ್ಬೋದು, ಅನಿಲಿನ್ ಆದ್ರೆ ಕೈ ಹಾಕ್ಬೇಡ, ತಿಳಿದೋರಿಗೆ ಕೊಡು. ಕೋಟಿಂಗ್ ಇರೋ ತೊಗಲಿಗೆ ಎಣ್ಣೆ ಕುಡಿಸ್ತೀನಿ, ಮೆತ್ತಗೆ ಮಾಡ್ತೀನಿ ಅನ್ನೋದೆಲ್ಲ ಸುಮ್ನೆ ಮಾತು, ಎಣ್ಣೆ ಪ್ಲಾಸ್ಟಿಕ್ ಪದರದ ಮೇಲೆ ನಿಂತು ಇನ್ನಷ್ಟು ಧೂಳು ಹಿಡಿಯತ್ತೆ ಅಷ್ಟೆ. ಬೂಟ್ ಪಾಲಿಷ್ ಹಚ್ಚೋರನ್ನೂ ನೋಡಿದೀನಿ, ಅವರ ಪ್ಯಾಂಟ್ ಕಥೆ ನೀನೇ ಊಹಿಸ್ಕೋ.

ಕ್ಲೀನ್ ಮಾಡೋದು ಹಿಂಗೆ. ವ್ಯಾಕ್ಯೂಮಲ್ಲಿ ಹೊಲಿಗೆ ಸಂದೀಲಿರೋ ಮರಳು ಪೂರ್ತಿ ತೆಗಿ, ಕೂತು ಎದ್ದಾಗೆಲ್ಲ ದಾರ ಕೊಯ್ಯೋದು ಆ ಮರಳೇ. ನೀರು ಬೇಸಿನ ಲೆದರ್ ಕ್ಲೀನರ್ ತಗೋ, ಸೀಟಿಗೆ ನೇರ ಸ್ಪ್ರೇ ಮಾಡ್ಬೇಡ, ಮೆತ್ತನೆ ಕೂದಲಿನ ಬ್ರಷ್ಷಿಗೆ ಹಾಕ್ಕೋ. ನಿನ್ ಸೀಟಲ್ಲಿ ಸಣ್ಣ ಸಣ್ಣ ತೂತಿದ್ರೆ ಇದನ್ನ ಮರೀಲೇಬೇಡ, ನೇರ ಹೊಡೆದ್ರೆ ತೂತೊಳಗೆ ಇಳಿದು ಸ್ಪಾಂಜ್ ನೆನೆಯತ್ತೆ, ಕೆಳಗೆ ಹೀಟರ್, ಸೆನ್ಸರ್ ವೈರ್ ಬೇರೆ ಇರತ್ತೆ. ಒಂದು ಗೇಣು ಜಾಗ ಅಷ್ಟೇ ತಗೊಂಡು ಮೆಲ್ಲಗೆ ಬ್ರಷ್ ಆಡ್ಸು. ನೊರೆ ಬಿಳಿ ಇದ್ದಿದ್ದು ಬೂದಿ ಬಣ್ಣಕ್ಕೆ ತಿರುಗತ್ತೆ, ಆಮೇಲೆ ಕಂದು. ಅದು ಒಣಗೋಕೆ ಮುಂಚೆ ಒದ್ದೆ ಮೈಕ್ರೋಫೈಬರಲ್ಲಿ ಎತ್ತಿಬಿಡು, ಬಟ್ಟೆ ಮಡಿಕೆ ಬದಲಾಯ್ಸ್ತಾ ಇರು. ನೊರೆ ಬಿಳಿಯಾಗೇ ಉಳಿಯೋವರೆಗೂ ಮತ್ತೆ ಮಾಡು. ಒಣಗಿದ್ಮೇಲೆ ಹೊಳಪು ಹೋಗಿ ಮಂಕಾದ್ರೆ ಸರಿ ಆಯ್ತು ಅಂತ.

ಆ ಅಂಚಲ್ಲಿ ಬ್ರಷ್ಷಿಗೆ ಸೀಟಿನ ಬಣ್ಣನೇ ಬರೋಕೆ ಶುರು ಆಯ್ತಾ, ತಕ್ಷಣ ನಿಲ್ಸು. ಅಲ್ಲಿ ಕೋಟಿಂಗ್ ಸವೆದು ಹೋಗಿದೆ, ಇನ್ನೂ ಉಜ್ಜಿದ್ರೆ ಬರೀ ತೊಗಲು ಕಾಣತ್ತೆ. ಜೀನ್ಸ್ ನೀಲಿಗೆ ಇದೇ ಕ್ಲೀನರ್ ಎರಡು ಮೂರು ಸಲ ಮಾಡು, ಹೊಸದಾದ್ರೆ ಹೋಗತ್ತೆ, ಹಳೇದು ಕೋಟಿಂಗೊಳಗೇ ಇಳಿದಿದ್ರೆ ಪೂರ್ತಿ ಹೋಗಲ್ಲ. ಮ್ಯಾಜಿಕ್ ಸ್ಪಾಂಜ್ ಅಂತ ಬಿಳಿದೊಂದು ಬರತ್ತೆ, ಒಂದೇ ಉಜ್ಜಿಗೆ ಕಲೆ ಮಾಯ ಆಗತ್ತೆ ನಿಜ, ಆದ್ರೆ ಅದು ಮೆಲಮೈನ್ ಫೋಮು, ನಯವಾದ ಉಪ್ಪುಕಾಗದನೇ ಅದು, ಕಲೆ ಜೊತೆ ಕೋಟನ್ನೂ ತಗೊಂಡು ಹೋಗತ್ತೆ. ಸ್ಪಿರಿಟ್ಟು, ಥಿನ್ನರ್ರು, ನೇಲ್ ಪಾಲಿಷ್ ರಿಮೂವರ್ರು ಹತ್ರಾನೂ ತರ್ಬೇಡ. ಸ್ಯಾನಿಟೈಸರ್ ಹಾಕ್ಕೊಂಡ ಒದ್ದೆ ಕೈಯಲ್ಲಿ ಸ್ಟೇರಿಂಗ್ ಹಿಡಿಯೋದು, ಸನ್‌ಸ್ಕ್ರೀನ್ ಹಚ್ಚಿದ ತೋಳು ಆರ್ಮ್‌ರೆಸ್ಟ್ ಮೇಲೆ ಇಡೋದು, ಇವೆರಡೂ ಕೋಟಿಂಗನ್ನ ಮೆತ್ತಗೆ ಮಾಡಿ ಎಬ್ಬಿಸತ್ತೆ, ನನ್ ಹತ್ರ ಬರೋ ಸ್ಟೇರಿಂಗ್ ತುಂಬ ಅದೇ.

ಕ್ಲೀನ್ ಆದ್ಮೇಲೆ ತೆಳ್ಳಗೆ ಲೆದರ್ ಪ್ರೊಟೆಕ್ಟಂಟ್ ಹಚ್ಚು, ಡ್ರೈವರ್ ಸೀಟಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ, ಹಿಂದೆ ಯಾರೂ ಕೂರಲ್ಲ ಅಂದ್ರೆ ವರ್ಷಕ್ಕೊಂದ್ಸಲ ಆದ್ರೂ ನಡೆಯತ್ತೆ. ನಿಲ್ಸೋವಾಗ ಗ್ಲಾಸಿಗೆ ಸನ್‌ಶೇಡ್ ಇಡು, ಬಿರುಕು ಬಿಡ್ಸೋದು ಮುಖ್ಯವಾಗಿ ಬಿಸಿಲು ಮತ್ತೆ ಒಣ ಶಾಖ. ಇನ್ನೊಂದು, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತಿದ್ರೆ ಕಂಡ ಕಂಡ ಸೀಟ್ ಕವರ್ ಹಾಕಿ ಮುಚ್ಬೇಡ, ಆ ಹೊಲಿಗೆನ ಸಿಕ್ಕಿದೋರ ಕೈಲಿ ಮತ್ತೆ ಹೊಲಿಸ್ಬೇಡ. ಅಲ್ಲಿ ಹೊತ್ತಿಗೆ ಸರಿಯಾಗಿ ಹರೀಲಿ ಅಂತಾನೇ ಬೇರೆ ದಾರದಲ್ಲಿ ಹೊಲಿದಿರ್ತಾರೆ.

ಸುಮ್ನೆ_ಕೇಳ್ದೆ

ಸೂಜಿದಾರಣ್ಣ ಸೂಪರ್. ಬಸ್ಯ, ಸೆರಾಮಿಕ್ ವಿಷಯ ಅರ್ಧಕ್ಕೇ ನಿಲ್ಸಿದೀಯ. 9ಎಚ್ ಅಂದ್ರೆ ವಜ್ರ ಹೌದೋ ಅಲ್ವೋ ಹೇಳು.

ಬಫಿಂಗ್_ಬಸ್ಯ

ಪೆನ್ಸಿಲ್ ಗುರು, ಪೆನ್ಸಿಲ್. ಡ್ರಾಯಿಂಗ್ ಪೆನ್ಸಿಲ್ ಮೇಲೆ ಎಚ್‌ಬಿ, 2ಎಚ್ ಅಂತ ಇರತ್ತಲ್ಲ ಅದೇ ಲೆಕ್ಕ. 9ಎಚ್ ಪೆನ್ಸಿಲಲ್ಲಿ ಗೀಚಿದ್ರೆ ಗೀರು ಬೀಳಲಿಲ್ಲ ಅಂತ ಅರ್ಥ. ವಜ್ರ 10 ಅನ್ನೋದು ಮೋಸ್ ಅನ್ನೋ, ಕಲ್ಲುಗಳ ಗಟ್ಟಿತನದ ಬೇರೆ ಅಳತೆ. ಆ ಅಳತೇಲಿ ರಸ್ತೆ ಧೂಳಲ್ಲಿರೋ ಮರಳಿನ ಕಣ 7, ಪೆನ್ಸಿಲಿನ ಕಡ್ಡಿ ಅದ್ರ ಹತ್ರಕ್ಕೂ ಬರಲ್ಲ. ಧೂಳಲ್ಲಿ ಉಜ್ಜಿದ್ರೆ ಸೆರಾಮಿಕ್ ಹಾಕ್ಸಿದ ಗಾಡಿನೂ ಗೀರಾಗತ್ತೆ. ಅದ್ರ ದಪ್ಪ ಒಂದೆರಡು ಮೈಕ್ರಾನ್, ಅಷ್ಟೂ ಇರಲ್ಲ ಒಂದೊಂದ್ಸಲ.

ಹಂಗಂತ ದಂಡ ಅಲ್ಲ. ನೀರು, ಕೊಳೆ ನಿಲ್ಲಲ್ಲ, ತೊಳೆಯೋದು ಸಲೀಸು, ತೊಳೆಯೋದು ಸಲೀಸಾದ್ರೆ ಉಜ್ಜೋದು ಕಮ್ಮಿ, ಗೀರು ಕಮ್ಮಿ, ಲಾಭ ಅಲ್ಲಿ. ಹಿಕ್ಕೆ ಬಿದ್ರೆ ಸ್ವಲ್ಪ ಹೊತ್ತು ಜಾಸ್ತಿ ತಡ್ಕೊಳತ್ತೆ. ಒಳ್ಳೇದಾದ್ರೆ ಎರಡು ಮೂರು ವರ್ಷ ಬರತ್ತೆ, ಸಿಂಥೆಟಿಕ್ ಸೀಲಂಟ್ (ವ್ಯಾಕ್ಸ್ ಥರನೇ ಹಚ್ಚೋ ಕೃತಕ ಪದರ) ನಾಲ್ಕರಿಂದ ಆರು ತಿಂಗಳು, ಕಾರ್ನೂಬಾ ಅನ್ನೋ ಗಿಡದ ವ್ಯಾಕ್ಸ್ ಒಂದೆರಡು ತಿಂಗಳು. ಪ್ರತಿ ವಾರ ಕೈಯಾರೆ ತೊಳೆಯೋ ಆಸೆ ಇರೋರಿಗೆ ಸೀಲಂಟೇ ಸಾಕು ಅಂತ ನನ್ನ ಅಭಿಪ್ರಾಯ, ಅದೇ ನನ್ ವ್ಯಾಪಾರಕ್ಕೆ ನಷ್ಟ ಆದ್ರೂ. ಕಲ್ಲೇಟು ತಡೀಬೇಕು ಅಂದ್ರೆ ಇದ್ಯಾವ್ದೂ ಆಗಲ್ಲ, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಬೇಕು, ಅದು 150-200 ಮೈಕ್ರಾನ್ ದಪ್ಪದ, ಟಿಪಿಯು ಅನ್ನೋ ಬಾಗೋ ಪ್ಲಾಸ್ಟಿಕ್ ಫಿಲ್ಮು, ಮೇಲಿನ ಸಣ್ಣ ಗೀರು ಬಿಸಿ ತಾಗಿದ್ರೆ ತಾನೇ ಮುಚ್ಕೊಳತ್ತೆ. ದುಬಾರಿ. ಹೈವೇಲಿ ಜಾಸ್ತಿ ಓಡ್ಸೋರು ಬಾನೆಟ್ಟು ಮುಂದಿನ ಬಂಪರ್ರಿಗೆ ಮಾತ್ರ ಹಾಕ್ಸಿದ್ರೂ ಆಯ್ತು. ಆ ರೀಪೇಂಟ್ ಡೋರ್ ಮೇಲೆ ಹಾಕ್ಸೋಕೆ ಮುಂಚೆ ಯೋಚ್ನೆ ಮಾಡಿ, ಪೇಂಟ್ ಸರಿಯಾಗಿ ಕೂತಿಲ್ದಿದ್ರೆ ಮುಂದೆ ಫಿಲ್ಮ್ ಕೀಳೋವಾಗ ಪೇಂಟೂ ಜೊತೆಗೇ ಬರತ್ತೆ.

ಕಪ್ಪುಕುದುರೆ

ಸರಿ, ತೀರ್ಮಾನ ಆಯ್ತು. ಮೊದ್ಲು ಮೀಟರ್ ಇಡ್ಸ್ತೀನಿ, ಆಮೇಲೆ ಒಂದೇ ಒಂದ್ಸಲ ನಯ ಪಾಲಿಷ್, ಸೀಲಂಟ್. ಸೀಟಿಗೆ ಕ್ಲೀನರ್ ಆರ್ಡರ್ ಮಾಡಿದೀನಿ. ಕೊನೇ ಪ್ರಶ್ನೆ, ಈ ಮೈಕ್ರೋಫೈಬರ್ ಬಟ್ಟೆ ಎಲ್ಲ ವಾಷಿಂಗ್ ಮಷೀನಿಗೆ ಹಾಕ್ಬೋದಾ? ಮನೇಲಿ ಮಿಕ್ಕಿದ್ ಬಟ್ಟೆ ಜೊತೆ ಹಾಕಿದ್ರೆ ಬೈತಾರೆ, ಅದು ಬೇರೆ ವಿಷಯ.

ಭಾನುವಾರದ_ಬಕೆಟ್

ಹಾಕ್ಬೋದು, ಆದ್ರೆ ಮನೇಲಿ ಬೈದಿದ್ದೇ ಸರಿ, ಬೇರೆ ಬಟ್ಟೆ ಜೊತೆ ಬೇಡ. ಹತ್ತಿ ಬಟ್ಟೆಯ ನೂಲಿನ ಜುಂಗು ಅದಕ್ಕೆ ಹತ್ಕೊಂಡ್ರೆ ಬಿಡ್ಸೋಕಾಗಲ್ಲ. ಉಗುರುಬೆಚ್ಚಗಿನ ನೀರು, ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪ, ಪುಡಿ ಬೇಡ. ಫ್ಯಾಬ್ರಿಕ್ ಸಾಫ್ಟನರ್ ಹಾಕ್ಲೇಬೇಡಿ, ಎಳೆ ಮೇಲೆ ಪದರ ಕೂತು ನೀರು ಹೀರೋದೇ ನಿಲ್ಸತ್ತೆ. ನೆರಳಲ್ಲಿ ಒಣಗ್ಸಿ. ಚಕ್ರಕ್ಕೆ ಬಳ್ಸಿದ ಬಟ್ಟೆ, ಪೇಂಟಿನ ಬಟ್ಟೆ, ಸೀಟಿನ ಬಟ್ಟೆ ಮೂರಕ್ಕೂ ಬೇರೆ ಬೇರೆ ಬಣ್ಣ ತಗೊಂಡ್ರೆ ಗಲಿಬಿಲಿ ಇರಲ್ಲ. ಆಮೇಲೆ ಹೊಸ ಬಟ್ಟೆ ಅಂಚಲ್ಲಿರೋ ಕಂಪ್ನಿ ಚೀಟಿ ಕತ್ತರಿಸಿ ತೆಗ್ದು ಬಳ್ಸಿ, ಅದೂ ಗೀಚತ್ತೆ.